'ಜೀರೋ ಖರ್ಚಿನ ಕೋಳಿ ಆಹಾರ': ಆ ಜೀರೋ ಯಾರ ಲೆಕ್ಕದ್ದು?

1/5
ಫ್ರೆಂಡ್ಸ್, "ಅಜೋಲಾ ಬೆಳೆಸಿ, ಕೋಳಿ ಆಹಾರದ ಖರ್ಚು ಜೀರೋ ಮಾಡಿ" ಅನ್ನೋ ರೀಲ್ ನೀವೂ ನೋಡಿರ್ತೀರ. ಈಗ ಅದರ ಮುಂದಿನ ವರ್ಷನ್ ಬಂದಿದೆ: ಅಜೋಲಾಗೆ ಒಳ್ಳೆ ಬ್ಯಾಕ್ಟೀರಿಯಾ ಸೇರಿಸಿ, ಹುದುಗಿಸಿ ಹಾಕಿ. ಐಡಿಯಾ ಸುಳ್ಳಲ್ಲ, ನನಗೆ ಇಷ್ಟ ಕೂಡ. ನನ್ನ ತಕರಾರು ಆ "ಜೀರೋ" ಮೇಲೆ ಮಾತ್ರ. ಬಿಕಾಂ ಓದೋರಿಗೆ ಖರ್ಚಿನ ಕಾಲಂನಲ್ಲಿ ಸೊನ್ನೆ ಕಂಡ್ರೆ ಡೌಟ್ ಬರಲೇಬೇಕು.

ಕೋಳಿ ಸಾಕಣೆ ಖರ್ಚಿನಲ್ಲಿ ಸುಮಾರು 60ರಿಂದ 70 ಪರ್ಸೆಂಟ್ ಆಹಾರಕ್ಕೇ ಹೋಗುತ್ತೆ. ಅದರಲ್ಲಿ ಮುಖ್ಯವಾದವು ಮೆಕ್ಕೆಜೋಳ ಮತ್ತು ಸೋಯಾ ಹಿಂಡಿ. ಮೆಕ್ಕೆಜೋಳಕ್ಕೆ ಈಗ ಎಥೆನಾಲ್ ಫ್ಯಾಕ್ಟರಿಗಳೂ ಗಿರಾಕಿ. ಹಾಗಾಗಿ ಬೇರೆ ದಾರಿ ಹುಡುಕೋದು ನ್ಯಾಯವೇ.

2/5
ಮೊದಲು, ಹುದುಗಿಸೋದು ಯಾಕೆ?

ಅಜೋಲಾ ನೀರಿನ ಮೇಲೆ ತೇಲೋ ಪುಟ್ಟ ಜರಿಗಿಡ. ಅದರ ಎಲೆಯೊಳಗೆ ಅನಾಬೀನಾ ಅನ್ನೋ ಸೂಕ್ಷ್ಮಜೀವಿ ಇದ್ಕೊಂಡು ಗಾಳಿಯ ಸಾರಜನಕವನ್ನ ಗಿಡಕ್ಕೆ ಒದಗಿಸುತ್ತೆ. ಅದಕ್ಕೇ ಒಣಗಿಸಿದ ಅಜೋಲಾದಲ್ಲಿ ಸುಮಾರು 20ರಿಂದ 25 ಪರ್ಸೆಂಟ್ ಪ್ರೋಟೀನ್ ಸಿಗುತ್ತೆ. ಆದ್ರೆ ಕೋಳಿಗೆ ಹಸುವಿನ ಥರ ಮೆಲುಕು ಹಾಕೋ ಹೊಟ್ಟೆ ಇಲ್ಲ, ನಾರು ಅದಕ್ಕೆ ಸರಿಯಾಗಿ ಜೀರ್ಣ ಆಗಲ್ಲ. ಹುದುಗಿಸುವಾಗ ಬ್ಯಾಸಿಲಸ್ ಜಾತಿಯ ಬ್ಯಾಕ್ಟೀರಿಯಾ ಕಿಣ್ವ ಬಿಟ್ಟು ನಾರನ್ನ ಒಂದಷ್ಟು ಒಡೆಯುತ್ತೆ. ಲ್ಯಾಕ್ಟೋಬ್ಯಾಸಿಲಸ್ ಹುಳಿ ಮಾಡುತ್ತೆ, ಆ ಹುಳಿಯಲ್ಲಿ ಕೊಳೆಸೋ ರೋಗಾಣುಗಳು ಬೆಳೆಯಲ್ಲ. ಇಡ್ಲಿ ಹಿಟ್ಟು ರಾತ್ರಿ ಉಬ್ಬಿ ಹುಳಿ ಬರೋದೂ ಇಂಥದ್ದೇ ಬ್ಯಾಕ್ಟೀರಿಯಾಗಳಿಂದ.

ಇನ್ನೊಂದು ಕಾರಣ ಆ್ಯಂಟಿಬಯೋಟಿಕ್. ಕೋಳಿ ಬೇಗ ಬೆಳೀಲಿ ಅಂತ ಆಹಾರದಲ್ಲಿ ಅದನ್ನ ಬೆರೆಸೋದನ್ನ ಯುರೋಪಿಯನ್ ಯೂನಿಯನ್ 2006ರಲ್ಲೇ ನಿಲ್ಲಿಸ್ತು. ನಮ್ಮಲ್ಲಿ 2019ರಲ್ಲಿ ಕೊಲಿಸ್ಟಿನ್ ಅನ್ನೋ ಔಷಧಿಯನ್ನ ಕೋಳಿ, ಜಾನುವಾರುಗಳಿಗೆ ಕೊಡೋದು ನಿಷೇಧ ಆಯ್ತು. ಕೋಳಿಯ ಕರುಳು ಕಾಯೋಕೆ ಬೇರೆ ಉಪಾಯ ಬೇಕೇ ಬೇಕು.

3/5
ಈಗ ಲೆಕ್ಕ. ಕ್ಯಾಲ್ಕುಲೇಟರ್ ತೆಗೀರಿ.

1 ಕೆಜಿ ಹಸಿ ಅಜೋಲಾದಲ್ಲಿ 90 ಪರ್ಸೆಂಟ್‌ಗಿಂತ ಜಾಸ್ತಿ ನೀರೇ. ಒಣ ಪದಾರ್ಥ ಸುಮಾರು 60 ಗ್ರಾಂ ಅಂತಿಟ್ಕೊಳ್ಳಿ. ಅದರಲ್ಲಿ ಪ್ರೋಟೀನ್ 14-15 ಗ್ರಾಂ. ಮೊಟ್ಟೆ ಇಡೋ ಒಂದು ಫಾರಂ ಕೋಳಿಗೆ ದಿನಕ್ಕೆ ಸುಮಾರು 17-18 ಗ್ರಾಂ ಪ್ರೋಟೀನ್ ಬೇಕು. ಅಂದ್ರೆ ಒಂದು ಕೆಜಿ ಹಸಿ ಅಜೋಲಾದಿಂದ ಒಂದೇ ಒಂದು ಕೋಳಿಯ ಪ್ರೋಟೀನ್ ಕೂಡ ಪೂರ್ತಿ ಬರಲ್ಲ! 1 ಕೆಜಿ ಸೋಯಾ ಹಿಂಡಿಯ ಪ್ರೋಟೀನ್ ಬೇಕಂದ್ರೆ ಹಸಿ ಅಜೋಲಾ 30 ಕೆಜಿ ಬೇಕು. ಹುದುಗಿಸಿದ್ರೆ ಜೀರ್ಣ ಸುಲಭ ಆಗಬಹುದು, 60 ಗ್ರಾಂ 600 ಗ್ರಾಂ ಆಗಲ್ಲ.

ರೀಲ್ ನಂಬಿ ಯಾರಾದ್ರೂ ಫೀಡ್ ಮೂಟೆ ತರೋದೇ ನಿಲ್ಲಿಸಿದ್ರೆ, ಕೋಳಿ ಸೊರಗುತ್ತೆ, ಮೊಟ್ಟೆ ನಿಲ್ಲುತ್ತೆ. ನಷ್ಟ ರೀಲ್ ಮಾಡಿದವರಿಗಂತೂ ಆಗಲ್ಲ.

ಇನ್ನು ಕೆಲಸ: ತೊಟ್ಟಿಗೆ ಶೀಟು ಹಾಸೋದು, ಸಗಣಿ ಕದಡೋದು, ದಿನಾ ಬಾಚೋದು, ವಾಸನೆ ಹೋಗೋವರೆಗೆ ತೊಳೆಯೋದು, ನೀರು ಬಸಿದು ಬಾಡಿಸೋದು, ತೌಡು-ಬೆಲ್ಲ ಬೆರೆಸಿ ಡ್ರಮ್ಮಿಗೆ ಒತ್ತಿ ಗಾಳಿಯಾಡದ ಹಾಗೆ ಮುಚ್ಚೋದು. ನೀರು ಜಾಸ್ತಿ ಉಳಿದ್ರೆ ಹುದುಗೋ ಬದಲು ಕೊಳೆಯುತ್ತೆ. ಬೂಸ್ಟು ಬಂದ್ರೆ ಎಸೀಬೇಕು. ಹಳ್ಳಿ ಮನೇಲಿ ಇದನ್ನೆಲ್ಲ ಮಾಡೋದು ಹೆಚ್ಚಾಗಿ ಅಮ್ಮ, ಅಜ್ಜಿ, ಅತ್ತಿಗೆ. ಅವರ ದುಡಿಮೆಗೆ ವೋಚರ್ ಇಲ್ಲ ಅಂದ ಮಾತ್ರಕ್ಕೆ ಖರ್ಚು ಜೀರೋ ಆಗುತ್ತಾ? ಕಾಸ್ಟಿಂಗ್ ಕ್ಲಾಸಲ್ಲಿ ನಾವು ಓದಿದ ನೋಷನಲ್ ಕಾಸ್ಟ್ ಇದೇ ಅಲ್ವಾ?

4/5
ಹಾಗಾದ್ರೆ ಯಾರಿಗೆ ಲಾಭ?

ಕಾಂಟ್ರ್ಯಾಕ್ಟ್ ಮೇಲೆ ಬ್ರಾಯ್ಲರ್ ಸಾಕೋರಿಗೆ ಕಂಪನಿಯೇ ಮರಿ, ಆಹಾರ, ಔಷಧಿ ಕೊಡುತ್ತೆ. ರೈತರದ್ದು ಶೆಡ್ಡು, ಕರೆಂಟು, ದುಡಿಮೆ. ಸಿಗೋದು ಕೆಜಿ ಲೆಕ್ಕದ ಸಾಕಣೆ ಹಣ. ಆಹಾರದ ಬಿಲ್ ಅವರದ್ದಲ್ಲ, ಏನು ತಿನ್ನಿಸಬೇಕು ಅನ್ನೋ ತೀರ್ಮಾನವೂ ಅವರದ್ದಲ್ಲ. ಅವರಿಗೆ "ಅಜೋಲಾ ಹಾಕಿ ಉಳಿಸಿ" ಅನ್ನೋದು ತಮಾಷೆ.

ಲಾಭ ಇರೋದು ಹಿತ್ತಲಲ್ಲಿ ಹತ್ತಿಪ್ಪತ್ತು ನಾಟಿ ಕೋಳಿಯನ್ನೋ, ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಲ್ಲಿ ಅಭಿವೃದ್ಧಿಯಾದ ಗಿರಿರಾಜ ತಳಿಯನ್ನೋ ಸಾಕೋರಿಗೆ. ಆ ಕೋಳಿಗಳು ಮೇಯ್ದು ಕಾಳು, ಹುಳು ಹುಡ್ಕೊಳ್ಳುತ್ವೆ, ಕಮ್ಮಿ ಬೀಳೋದು ಹೆಚ್ಚಾಗಿ ಪ್ರೋಟೀನ್. ಅಲ್ಲಿ ದಿನಕ್ಕೊಂದು ಬೊಗಸೆ ಹುದುಗಿಸಿದ ಅಜೋಲಾ ನಿಜವಾಗ್ಲೂ ಕೆಲಸಕ್ಕೆ ಬರುತ್ತೆ. ಅಷ್ಟೇ ಮುಖ್ಯ ಅಂದ್ರೆ, ಮೊಟ್ಟೆ ಮಾರಿದ ದುಡ್ಡು ಅದನ್ನ ಸಾಕಿದವಳ ಕೈಗೇ ಬರಬಹುದು.

5/5
ಒಂದು ಎಚ್ಚರಿಕೆ. "ಕೆರೆ ಕಳೆ ಎಲ್ಲಾ ಹುದುಗಿಸಿ ಕೋಳಿಗೆ ಹಾಕಿದ್ರೆ ಕೆರೆನೂ ಕ್ಲೀನ್" ಅನ್ನೋ ಕಾಮೆಂಟ್ ನೋಡ್ತಿರ್ತೀನಿ. ಬೇಡ. ಕೊಳಚೆ ನೀರು ಸೇರೋ ಕೆರೇಲಿ ಬೆಳೆದ ವಾಟರ್ ಹಯಾಸಿಂತ್ ಸೀಸ, ಕ್ಯಾಡ್ಮಿಯಂನಂಥ ಲೋಹಗಳನ್ನ ಹೀರ್ಕೊಳ್ಳುತ್ತೆ. ಬ್ಯಾಕ್ಟೀರಿಯಾ ನಾರನ್ನ ಒಡೆಯಬಹುದು, ಲೋಹವನ್ನ ಒಡೆಯೋಕಾಗಲ್ಲ. ಅದು ಕೋಳಿಗೆ, ಅಲ್ಲಿಂದ ನಮ್ಮ ತಟ್ಟೆಗೆ ಬರುತ್ತೆ. ಶುದ್ಧ ನೀರಿನ ತೊಟ್ಟೀಲಿ ಬೆಳೆದದ್ದು ಮಾತ್ರ ಸಾಕು.

ನನ್ನ ಮಾತು ಇಷ್ಟೇ: ಅಜೋಲಾ ಹುದುಗಿಸೋದು ಒಳ್ಳೇದು. ಆದ್ರೆ ಅದು ಆಹಾರದ "ಬದಲು" ಅಲ್ಲ, ಆಹಾರದ "ಜೊತೆಗೆ". ಫಾರ್ವರ್ಡ್ ಮಾಡುವಾಗ ಆ ಒಂದು ಪದ ಸರಿ ಮಾಡಿ, ಸಾಕು. ಸ್ತ್ರೀಶಕ್ತಿ ಸಂಘದೋರು ಇದನ್ನ ಶುರು ಮಾಡ್ತಿದ್ರೆ ಅವರ ಲೆಕ್ಕದ ಪುಸ್ತಕ ಬರೆಯೋಕೆ ಸಹಾಯ ಮಾಡಿ. ದುಡಿಮೆಗೂ ಒಂದು ಕಾಲಂ ಹಾಕಿ.

ನಿಮ್ಮನೇಲಿ ಕೋಳಿ ಇದ್ಯಾ? ಎಷ್ಟು? ನೋಡ್ಕೊಳ್ಳೋದು ಯಾರು, ಮೊಟ್ಟೆ ದುಡ್ಡು ಯಾರ ಕೈಗೆ ಹೋಗುತ್ತೆ? ಕಾಮೆಂಟಲ್ಲಿ ಬರೀರಿ 👇

#ಅಜೋಲಾ #ಹಿತ್ತಲಕೋಳಿ #ಬಿಕಾಂಲೆಕ್ಕ