ಔಷಧಿಗೆ ಕಣ್ಣಂದಾಜು ಸಲ್ಲದು

ಹಂದನಕೆರೆಯ ತೋಟದಲ್ಲಿ ಗಗನಕ್ಕೇರಿದಂತೆ ಕಾಣುತ್ತಿದ್ದ ತೆಂಗಿನ ಮರ ಗಾಳಿಗೆ ಉರುಳಿತೆನ್ನಿ. ನೋಡಿದವರಿಗೆ ‘ಇಷ್ಟೇ ಉದ್ದವಿತ್ತೇ?’ ಎನಿಸುತ್ತದೆ. ಮರವೇನೂ ಕುಗ್ಗಿರುವುದಿಲ್ಲ. ಸಮನಾದ ಎರಡು ಗೆರೆಗಳಲ್ಲಿ ನಿಂತ ಗೆರೆಯೇ ಉದ್ದವೆಂದು ತೋರುವುದು ನಮ್ಮ ಮಿದುಳಿನ ಸ್ವಭಾವ. ಈ ದೃಷ್ಟಿಭ್ರಮೆ ಕಣ್ಣಿನ ಕಾಯಿಲೆಯಲ್ಲ. ಕನ್ನಡಕ ಹಾಕಿದರೆ ಹೋಗುವಂಥದ್ದೂ ಅಲ್ಲ.

ಆದರೆ ಎಲ್ಲರೂ ಒಂದೇ ಪ್ರಮಾಣದಲ್ಲಿ ಮೋಸಹೋಗುವುದಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಹರ್ಮನ್ ವಿಟ್ಕಿನ್ ಇಪ್ಪತ್ತನೆಯ ಶತಮಾನದ ಮಧ್ಯಭಾಗದಲ್ಲಿ ಒಂದು ಪರೀಕ್ಷೆ ನಡೆಸಿದರು. ಕತ್ತಲ ಕೋಣೆಯಲ್ಲಿ ಓರೆಯಾದ ಚೌಕಟ್ಟು, ಅದರೊಳಗೊಂದು ಕೋಲು. ಕೋಲನ್ನು ನೆಟ್ಟಗೆ ನಿಲ್ಲಿಸಬೇಕು. ಕೆಲವರು ಚೌಕಟ್ಟಿನ ಓರೆಗೆ ತಕ್ಕಂತೆ ಕೋಲನ್ನೂ ವಾಲಿಸಿದರು. ಕೆಲವರು ಚೌಕಟ್ಟನ್ನು ಲೆಕ್ಕಿಸಲೇ ಇಲ್ಲ. ಸುತ್ತಲಿನದರ ಜೊತೆ ಕೂಡಿಸಿ ನೋಡುವುದು, ಬಿಡಿಸಿ ನೋಡುವುದು ಇವೆರಡೂ ಆಲೋಚನೆಯ ಕ್ರಮಗಳೇ. ಇದರಲ್ಲಿ ಜಾಣ, ದಡ್ಡ ಎಂಬ ಮಾತಿಲ್ಲ.

ಇಂಗ್ಲಿಷ್ ವೈದ್ಯ ರಿವರ್ಸ್ 1901-02ರಲ್ಲಿ ನಮ್ಮ ನೆರೆಯ ನೀಲಗಿರಿಯ ತೋಡರನ್ನು ಇಂಥದ್ದೇ ಗೆರೆಗಳಿಂದ ಪರೀಕ್ಷಿಸಿದರು. ಬಾಣದ ತುದಿಗಳಿರುವ ಗೆರೆಗಳಲ್ಲಿ ತೋಡರು ಇಂಗ್ಲಿಷರಿಗಿಂತ ಕಡಿಮೆ ಮೋಸಹೋದರು. ನಿಂತ ಗೆರೆ, ಮಲಗಿದ ಗೆರೆಯ ವಿಷಯದಲ್ಲಿ ಹೆಚ್ಚು. ಒಂದು ಭ್ರಮೆಗೆ ಬೀಳದವರು ಇನ್ನೊಂದಕ್ಕೆ ಬೀಳಬಹುದೆಂದು ಇತ್ತೀಚಿನ ಅಧ್ಯಯನಗಳೂ ಹೇಳುತ್ತವೆ. ಆದ್ದರಿಂದ ‘ನನ್ನ ಕಣ್ಣು ತಪ್ಪುವುದಿಲ್ಲ’ ಎಂಬ ಧೈರ್ಯ ಯಾರಿಗೂ ಬೇಡ. ಭ್ರಮೆಯೆಂದು ತಿಳಿದ ಮೇಲೂ ಅದು ಹಾಗೆಯೇ ಕಾಣುತ್ತದೆ!

ಇದು ಬರೀ ತಮಾಷೆಯ ಸಂಗತಿಯಲ್ಲ. ಮಗುವಿಗೆ ಭೇದಿಯಾದಾಗ ಓ.ಆರ್.ಎಸ್. ಪುಡಿ ಕದಡುತ್ತೇವಷ್ಟೆ? ಎತ್ತರದ, ಕಿರಿದಾದ ಪಾತ್ರೆಯಲ್ಲಿ ನೀರು ಹೆಚ್ಚಿದ್ದಂತೆ, ಅಗಲವಾದ ಪಾತ್ರೆಯಲ್ಲಿ ಕಡಿಮೆ ಇದ್ದಂತೆ ಕಾಣುತ್ತದೆ. ಲೀಟರ್ ನೀರಿಗೆಂದು ಕೊಟ್ಟ ಪುಡಿಯನ್ನು ಕಡಿಮೆ ನೀರಿಗೆ ಹಾಕಿದರೆ ಉಪ್ಪಿನಂಶ ಹೆಚ್ಚಿ ಮಗುವಿಗೆ ಅಪಾಯ. ನೀರು ಹೆಚ್ಚಾದರೆ ದ್ರಾವಣ ತೆಳುವಾಗಿ ಪ್ರಯೋಜನ ಕುಗ್ಗುತ್ತದೆ. ಆಗ ತಪ್ಪು ಪುಡಿಯದಲ್ಲ, ಅಂದಾಜಿನದು.

ಪೊಟ್ಟಣದ ಮೇಲೆ ಎಷ್ಟು ನೀರೆಂದು ಬರೆದಿರುತ್ತದೆ. ಅಷ್ಟನ್ನು ಅಳತೆ ಗೊತ್ತಿರುವ ಬಾಟಲಿಯಲ್ಲೇ ಅಳೆಯಿರಿ. ಸಿರಪ್ಪಿಗೆ ಅದರ ಜೊತೆ ಬರುವ ಅಳತೆಯ ಮುಚ್ಚಳ ಬಳಸಿ. ಅಡುಗೆಮನೆಯ ಚಮಚ ಬೇಡ. ಓದು ಬಾರದ ಹಿರಿಯರಿದ್ದರೆ ಮುಚ್ಚಳದ ಗೆರೆಯನ್ನು ನೀವೇ ತೋರಿಸಿಕೊಡಿ.

ಸಾರಿಗೆ ಕೈಯಂದಾಜು ನಡೆದೀತು, ತೋಟಕ್ಕೆ ಕಣ್ಣಂದಾಜು ನಡೆದೀತು. ಔಷಧಿಗೆ ಮಾತ್ರ ಅಳತೆಯೇ ಬೇಕು.