ಪಿಎಚ್.ಡಿ. ಆದಮೇಲೂ ಓದೇ?

ನಮ್ಮ ಚೌಡಾಪುರದಂಥ ಊರಿನ ಹುಡುಗಿ ಭೌತಶಾಸ್ತ್ರದಲ್ಲಿ ಪಿಎಚ್.ಡಿ. ಮಾಡಿದರೆ ಶಾಲು ಹೊದಿಸಿ ಸತ್ಕಾರ ಮಾಡುತ್ತಾರೆ. ಲಗ್ನಪತ್ರಿಕೆಯಲ್ಲಿ ಹೆಸರಿನ ಹಿಂದೆ 'ಡಾ.' ಎಂದು ಮರೆಯದೆ ಅಚ್ಚು ಹಾಕಿಸುತ್ತಾರೆ. ಅದೇ ಹುಡುಗಿ, "ನಾನು ಕ್ಯಾನ್ಸರ್ ಆಸ್ಪತ್ರೆಯಲ್ಲಿ ವೈದ್ಯಕೀಯ ಭೌತವಿಜ್ಞಾನಿ ಆಗ್ತೀನಿ, ಅದಕ್ಕೆ ಒಂದು ವರ್ಷ ಡಿಪ್ಲೊಮಾ ಓದಬೇಕು, ಮತ್ತೊಂದು ವರ್ಷ ಆಸ್ಪತ್ರೆಯಲ್ಲಿ ಕೆಲಸ ಕಲೀಬೇಕು" ಅಂದರೆ ಸಾಕು, ಮನೆಯ ದನಿಯೇ ಬದಲಾಗುತ್ತದೆ. "ಇಷ್ಟು ಓದಿಸಿದ್ದು ಸಾಲಲಿಲ್ಲೇನವಾ?"

ಈ ಮಾತಿನ ಮೇಲೆ ನನಗೆ ಸಿಟ್ಟಿದೆ.

ಮೊದಲು ಕೆಲಸ ಏನೆಂದು ಹೇಳಿಬಿಡುತ್ತೇನೆ. ಗಡ್ಡೆಗೆ ಎಷ್ಟು ವಿಕಿರಣ ಕೊಡಬೇಕೆಂದು ವೈದ್ಯರು ನಿರ್ಧರಿಸುತ್ತಾರೆ. ಯಂತ್ರ ಅಷ್ಟನ್ನೇ, ಅಲ್ಲಿಗೇ ಕೊಡುವಂತೆ ಅಳೆದು, ಲೆಕ್ಕ ಹಾಕಿ ನೋಡುವವರು ಭೌತವಿಜ್ಞಾನಿ. ಕೋಬಾಲ್ಟ್-60ರ ಶಕ್ತಿ ಐದೂಕಾಲು ವರ್ಷಕ್ಕೆ ಅರ್ಧವಾಗುತ್ತದೆ. ಹೀಗಾಗಿ ಹೋದ ವರ್ಷ ಎರಡು ನಿಮಿಷ ಸಾಕಾದದ್ದಕ್ಕೆ ಈ ವರ್ಷ ಅಷ್ಟು ಸಾಲದು. ಗರ್ಭಕಂಠದ ಕ್ಯಾನ್ಸರಿಗೆ ದೇಹದ ಒಳಗಿಂದಲೇ ಚಿಕಿತ್ಸೆ ಕೊಡುವ ಇರಿಡಿಯಂ-192 ಬರೀ 74 ದಿನಕ್ಕೆ ಅರ್ಧ. ಪಕ್ಕದಲ್ಲೇ ಮೂತ್ರಕೋಶ, ಕರುಳು. ಲೆಕ್ಕ ತಪ್ಪಿದರೆ ಸುಡುವುದು ಅವೇ. 1988ರಲ್ಲಿ ಇಂಗ್ಲೆಂಡಿನ ಎಕ್ಸೆಟರ್‌ನಲ್ಲಿ ಹೊಸ ಕೋಬಾಲ್ಟ್ ಹಾಕಿದಾಗ ಅಳತೆ ತಪ್ಪಿ, 207 ರೋಗಿಗಳಿಗೆ ಬೇಕಾದ್ದಕ್ಕಿಂತ ಸುಮಾರು ಶೇಕಡಾ 25 ಹೆಚ್ಚು ವಿಕಿರಣ ಹೋಯಿತು.

ಆದ್ದರಿಂದಲೇ ನಮ್ಮ ಅಣುಶಕ್ತಿ ನಿಯಂತ್ರಣ ಮಂಡಳಿ ಭೌತಶಾಸ್ತ್ರದ ಎಂ.ಎಸ್ಸಿ. ಆದವರಿಗೂ ಡಿಪ್ಲೊಮಾ ಮತ್ತು ಹನ್ನೆರಡು ತಿಂಗಳ ಆಸ್ಪತ್ರೆ ತರಬೇತಿ ಬೇಕೆನ್ನುತ್ತದೆ. ಮುಂಬೈಯ ಭಾಭಾ ಅಣು ಸಂಶೋಧನಾ ಕೇಂದ್ರ 1962ರಿಂದ ಈ ಡಿಪ್ಲೊಮಾ ನಡೆಸುತ್ತಿದೆ. ಪಿಎಚ್.ಡಿ. ಇದ್ದರೂ ವಿನಾಯಿತಿಯಿಲ್ಲ. "ಡಾಕ್ಟರೇಟ್ ಆದವರು ಹುಡುಗರ ಜೋಡಿ ಬೆಂಚಿನ ಮೇಲೆ ಕೂಡೋದೇನ್ರಿ?" ಎಂದು ಮೂಗು ಮುರಿಯುವ ಪಂಡಿತರಿದ್ದಾರೆ. ಕೂಡಲಿ! ಐದು ವರ್ಷ ಹರಳಿನ ಮೇಲೆ ಕಿರಣ ಬಿಟ್ಟವಳಿಗೆ ಹರಳು ಎಂದೂ ನೋವೆಂದಿಲ್ಲ. ಮೇಜಿನ ಮೇಲೆ ಮಲಗಿದ ಹೆಂಗಸು ಅನ್ನುತ್ತಾಳೆ.

ಇನ್ನು ದೊಡ್ಡ ಗುಮ್ಮ: "ವಿಕಿರಣದಾಗ ಕೆಲಸ ಮಾಡಿದ್ರ ಮಕ್ಕಳಾಗಂಗಿಲ್ಲ." ಯಂತ್ರ ನಡೆಯುವಾಗ ಸಿಬ್ಬಂದಿ ದಪ್ಪ ಕಾಂಕ್ರೀಟ್ ಗೋಡೆಯ ಹೊರಗಿರುತ್ತಾರೆ. ಎದೆಯ ಮೇಲಿನ ಬ್ಯಾಡ್ಜು ಅವರಿಗೆ ತಾಕಿದ್ದನ್ನು ದಾಖಲಿಸುತ್ತದೆ. ಐದು ವರ್ಷದಲ್ಲಿ ಒಟ್ಟು 100 ಮಿಲಿಸೀವರ್ಟ್, ಯಾವ ಒಂದು ವರ್ಷದಲ್ಲೂ 30 ದಾಟಬಾರದು ಎಂಬುದು ಮಿತಿ. ಬಸುರಾದವಳು ತಿಳಿಸಿದರೆ ಕೆಲಸದ ಏರ್ಪಾಟು ಬದಲಿಸಬೇಕೆಂದು 2004ರ ನಿಯಮವಿದೆ. ಇದೆಲ್ಲ ಯಾರಿಗೂ ಬೇಡ. ಕಟ್ಟಿಗೆ ಒಲೆಯ ಮುಂದೆ ಬಸುರಿ ಸೊಸೆ ಹೊಗೆ ಕುಡಿಯುತ್ತ ರೊಟ್ಟಿ ಬಡಿಯುವಾಗ ಈ ಕಾಳಜಿಯವರು ಊಟದ ತಾಟಿನ ಮುಂದೆ ಕೂತಿರುತ್ತಾರೆ.

ರೋಸಲಿನ್ ಯಾಲೋ ಹೆಸರು ಕೇಳಿದ್ದೀರಾ? 1945ರಲ್ಲಿ ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದು, 1947ರಲ್ಲಿ ನ್ಯೂಯಾರ್ಕಿನ ಮಾಜಿ ಸೈನಿಕರ ಆಸ್ಪತ್ರೆಗೆ ಸೇರಿದವರು. ವೈದ್ಯ ಸಾಲೊಮನ್ ಬರ್ಸನ್ ಜೊತೆ ದುಡಿದು, ರಕ್ತದಲ್ಲಿನ ಇನ್ಸುಲಿನ್‌ನಂಥ ಅತಿಸೂಕ್ಷ್ಮ ವಸ್ತುಗಳನ್ನು ವಿಕಿರಣದ ಸಹಾಯದಿಂದ ಅಳೆಯುವ ದಾರಿ ಕಂಡರು. ಎರಡು ಮಕ್ಕಳ ತಾಯಿ. ವೈದ್ಯ ಪದವಿಯಿಲ್ಲದ ಆಕೆಗೆ 1977ರ ನೊಬೆಲ್ ಬಂದದ್ದು ವೈದ್ಯಶಾಸ್ತ್ರದ ವಿಭಾಗದಲ್ಲೇ.

ಅಷ್ಟು ದೂರ ಯಾಕೆ? ಕಲಬುರ್ಗಿಯಿಂದ ಗಾಣಗಾಪುರಕ್ಕೆ ಹೋಗುವ ಬಸ್ಸು ನಮ್ಮೂರ ಮೇಲೆಯೇ ಹಾಯುತ್ತದೆ. ತಿಂಗಳುಗಟ್ಟಲೆ ರಕ್ತ ಹೋಗುವುದನ್ನು ಗಂಡನಿಗೂ ಹೇಳದೆ ದತ್ತನಿಗೆ ಹರಕೆ ಹೊತ್ತು ಹೊರಟ ಹೆಂಗಸರು ಅದರಲ್ಲಿರುತ್ತಾರೆ. ಹರಕೆಗೆ ನನ್ನ ತಕರಾರಿಲ್ಲ. ಅವರು ಕಡೆಗೊಮ್ಮೆ ವಿಕಿರಣ ಚಿಕಿತ್ಸೆಗೆ ಬಂದಾಗ ತಮ್ಮ ಭಾಷೆಯ ಹೆಣ್ಣುಮಗಳೊಬ್ಬಳು ಲೆಕ್ಕದ ಮೇಜಿನ ಹತ್ತಿರ ಇದ್ದು, "ಹೆದರಬ್ಯಾಡ್ರಿ ಅಕ್ಕ, ಇದು ಇಷ್ಟೇ ಹೊತ್ತು" ಅಂದರೆ ಆಗುವ ಧೈರ್ಯವೇ ಬೇರೆ.

ಎರಡು ವರ್ಷ ಹೆಚ್ಚಾಯಿತೆನ್ನುವ ಅಪ್ಪಂದಿರು ನನ್ನ ಹತ್ತಿರ ಬರುತ್ತಾರೆ. ಮಗ ಧಾರವಾಡದಲ್ಲಿ ಕೋಚಿಂಗ್ ಅಂತ ಎಷ್ಟು ವರ್ಷದಿಂದ ಇದ್ದಾನೆ, ರೂಮಿನ ಬಾಡಿಗೆ ಎಷ್ಟು ಎಂದು ಕೇಳುತ್ತೇನೆ. ಅದರ ಲೆಕ್ಕ ಹೇಳಿದ ಮೇಲೆಯೇ ಮಗಳ ಮಾತು.