ಸಹಪಾಠಿಗೆ ಪಾಠ ಹೇಳುವುದು ಕಾಲಹರಣವೇ?

ನಮ್ಮ ಹೈಸ್ಕೂಲಿನಿಂದ ಹೊರಟ ಹೆಣ್ಣುಮಕ್ಕಳಲ್ಲಿ ವಿಜ್ಞಾನವನ್ನೂ ಗಣಿತವನ್ನೂ ಆರಿಸಿಕೊಂಡು ಕಾಲೇಜುಗಳಿಗೂ ವಿಶ್ವವಿದ್ಯಾನಿಲಯಗಳಿಗೂ ಹೋಗುವವರ ಸಂಖ್ಯೆಯು ವರ್ಷೇ ವರ್ಷೇ ಏರುತ್ತಿರುವುದು ನಮಗೆಲ್ಲರಿಗೂ ಸಂತೋಷದ ವಿಷಯವಾಗಿದೆ. ಅವರಲ್ಲಿ ಕೆಲವರು ತಮ್ಮ ಓದಿನ ಜೊತೆಯಲ್ಲಿಯೇ, ತಮಗಿಂತ ಒಂದೆರಡು ತರಗತಿ ಕೆಳಗಿರುವವರಿಗೆ ಗಣಿತವನ್ನೋ ಭೌತಶಾಸ್ತ್ರವನ್ನೋ ರಸಾಯನಶಾಸ್ತ್ರವನ್ನೋ ಹೇಳಿಕೊಡುವ ಕೆಲಸವನ್ನು ಕೈಕೊಂಡಿದ್ದಾರೆ. ನಮ್ಮ ನಾಡಿನ ವಿದ್ಯಾರ್ಥಿನೀನಿಲಯಗಳಲ್ಲಿ ಇದು ಸ್ನೇಹಕ್ಕಾಗಿ ನಡೆಯುತ್ತದೆ. ಹೊರದೇಶಗಳ ಅನೇಕ ವಿಶ್ವವಿದ್ಯಾನಿಲಯಗಳಲ್ಲಿ ಗಂಟೆಗೆ ಇಷ್ಟೆಂದು ಸಂಬಳವನ್ನು ಗೊತ್ತುಮಾಡಿ, ಟ್ಯೂಟರ್ ಎಂಬ ಹೆಸರಿನಿಂದ ವಿದ್ಯಾರ್ಥಿಗಳನ್ನೇ ಈ ಕೆಲಸಕ್ಕೆ ನೇಮಿಸಿಕೊಳ್ಳುತ್ತಾರೆ. ಇದನ್ನು ಕೇಳಿದ ಕೆಲವು ತಾಯಿತಂದೆಗಳು ನಮ್ಮಲ್ಲಿಗೆ ಬಂದು, “ಅಮ್ಮನವರೇ, ಅವಳ ಓದೇ ಅವಳಿಗೆ ಬೆಟ್ಟದಷ್ಟಿದೆ. ಕಂಡವರ ಮಕ್ಕಳಿಗೆಲ್ಲಾ ಲೆಕ್ಕ ಹೇಳಿಕೊಡುತ್ತಾ ಕೂತರೆ ಇವಳ ಗತಿಯೇನು? ತಾವಾದರೂ ಒಂದು ಬುದ್ಧಿಮಾತು ಬರೆಯಬೇಕು” ಎಂದು ಕೇಳಿಕೊಳ್ಳುವುದುಂಟು. ಬುದ್ಧಿಮಾತು ಬರೆಯಲು ನಮಗೆ ಆಕ್ಷೇಪಣೆಯಿಲ್ಲ. ಆದರೆ ಆ ಮಾತು ಅವರು ಎಣಿಸಿದಂತೆ ಇರಲಾರದು. ಈ ಕೆಲಸವು ಕಾಲಹರಣವಲ್ಲ, ವಿದ್ಯಾಭ್ಯಾಸದ ಒಂದು ಮುಖ್ಯ ಭಾಗವೇ ಎಂಬುದು ನಮ್ಮ ಅಭಿಪ್ರಾಯ. ಅದರ ಕಾರಣಗಳನ್ನು ಈ ಸ್ಮರಣ ಸಂಚಿಕೆಯ ಮೂಲಕ ಪೋಷಕರ ಮತ್ತು ಹಳೆಯ ವಿದ್ಯಾರ್ಥಿನಿಯರ ಮುಂದಿಡುತ್ತೇವೆ.

ಮೊದಲನೆಯದಾಗಿ, ಇದು ಪರದೇಶದಿಂದ ಬಂದ ಹೊಸ ಪದ್ಧತಿಯೆಂದು ಯಾರೂ ತಿಳಿಯಬಾರದು. ೧೬೨೩ನೆಯ ಇಸವಿಯಲ್ಲಿ ಪಿಯೆತ್ರೊ ದೆಲ್ಲಾ ವಾಲ್ಲೆ ಎಂಬ ಇಟಲಿ ದೇಶದ ಪ್ರವಾಸಿಯು ಕೆಳದಿಯ ನಾಯಕರ ರಾಜ್ಯಕ್ಕೆ ಬಂದಿದ್ದನು. ಇಕ್ಕೇರಿಯ ಕಡೆಗೆ ಹೋಗುವಾಗ ಒಂದು ದೇವಾಲಯದ ಜಗಲಿಯಲ್ಲಿ ನಾಲ್ವರು ಹುಡುಗರು ಉಪಾಧ್ಯಾಯನಿಲ್ಲದೆ ಲೆಕ್ಕ ಕಲಿಯುತ್ತಿರುವುದನ್ನು ಅವನು ಕಂಡನು. ನೆಲದ ಮೇಲೆ ನುಣ್ಣಗಿನ ಮರಳನ್ನು ಹರಡಿ, ಒಬ್ಬನು ರಾಗವಾಗಿ ಪಾಠವನ್ನು ಹೇಳುತ್ತಾ ಬೆರಳಿನಿಂದ ಬರೆಯುವನು; ಮಿಕ್ಕವರು ಅದನ್ನೇ ಹೇಳಿ ಬರೆಯುವರು. ನೀವು ತಪ್ಪಿದರೆ ತಿದ್ದುವವರು ಯಾರು ಎಂದು ಅವನು ಕೇಳಿದ್ದಕ್ಕೆ, ನಾಲ್ವರೂ ಒಂದೇ ಜಾಗದಲ್ಲಿ ತಪ್ಪುವುದು ಸಾಧ್ಯವಿಲ್ಲವೆಂದೂ, ಒಬ್ಬನು ತಪ್ಪಿದರೆ ಇನ್ನೊಬ್ಬನು ತಿದ್ದಲೆಂದೇ ಕೂಡಿ ಕಲಿಯುವೆವೆಂದೂ ಹುಡುಗರು ಉತ್ತರ ಕೊಟ್ಟರಂತೆ. ಆ ಉತ್ತರದಲ್ಲಿರುವ ವಿವೇಕವು ಪ್ರವಾಸಿಗೆ ಮೆಚ್ಚಿಕೆಯಾಯಿತು. ನಾಲ್ಕು ನೂರು ವರ್ಷಗಳ ಮೇಲೆ ಅದು ನಮಗೂ ಮೆಚ್ಚಿಕೆಯಾಗತಕ್ಕದ್ದೇ. ವಿದ್ಯಾರ್ಥಿಯು ಕಾಲು ಪಾಲನ್ನು ಗುರುವಿನಿಂದಲೂ, ಕಾಲು ಪಾಲನ್ನು ಸ್ವಂತ ಬುದ್ಧಿಯಿಂದಲೂ, ಕಾಲು ಪಾಲನ್ನು ಜೊತೆಯವರಿಂದಲೂ, ಉಳಿದ ಕಾಲನ್ನು ಕಾಲಕ್ರಮದಲ್ಲಿಯೂ ಕಲಿಯುವನೆಂದು ನಮ್ಮ ದೇಶದ ಹಿರಿಯರು ಹೇಳುತ್ತಾ ಬಂದಿರುವುದೂ ಇದನ್ನೇ.

ಮಿಶನ್ ಶಾಲೆಗಳಿಗೂ ಈ ವಿಷಯವು ಹೊಸದಲ್ಲ. ೧೭೮೯ರಲ್ಲಿ ಮದರಾಸಿನ ಅನಾಥ ಬಾಲಕರ ಶಾಲೆಯ ಮೇಲ್ವಿಚಾರಣೆಯನ್ನು ವಹಿಸಿಕೊಂಡ ಆಂಡ್ರೂ ಬೆಲ್ ಎಂಬ ಪಾದ್ರಿಗಳು, ಈ ದೇಶದ ಮಕ್ಕಳು ಮರಳಿನ ಮೇಲೆ ಬರೆದು ಕಲಿಯುವುದನ್ನು ನೋಡಿ ಅದನ್ನು ತಮ್ಮ ಶಾಲೆಯಲ್ಲಿ ತರಲು ಯತ್ನಿಸಿದರು. ಕೈಕೆಳಗಿನ ಉಪಾಧ್ಯಾಯರು ಅದಕ್ಕೆ ಮನಸ್ಸು ಮಾಡದಿರಲು, ಎಂಟು ವರ್ಷದ ಒಬ್ಬ ಹುಡುಗನಿಂದಲೇ ಚಿಕ್ಕವರಿಗೆ ಅಕ್ಷರ ಹೇಳಿಸಿದರು. ಅದರ ಫಲವನ್ನು ಕಂಡು ೧೭೯೭ರಲ್ಲಿ ಲಂಡನಿನಲ್ಲಿ ಪುಸ್ತಕವನ್ನು ಪ್ರಕಟಿಸಿದರು. ಅಲ್ಲಿಂದ ಈ ಪದ್ಧತಿಯು ಇಂಗ್ಲೆಂಡಿನಲ್ಲಿ ಹಬ್ಬಿತು. ಆದರೆ ಅದರ ಕುಂದನ್ನೂ ಹೇಳದೆ ಬಿಡಬಾರದು. ನೂರಾರು ಮಕ್ಕಳಿಗೆ ಒಬ್ಬನೇ ಉಪಾಧ್ಯಾಯನಿದ್ದರೆ ಸಾಕು, ಖರ್ಚು ಕಡಿಮೆಯಾಗುವುದು ಎಂಬ ಆಸೆಯಿಂದ ಅದನ್ನು ಬಳಸಿದ ಕಡೆಗಳಲ್ಲಿ ಕಲಿಕೆಯು ಬರಿಯ ಬಾಯಿಪಾಠವಾಗಿ ಹೋಯಿತು. ಉಪಾಧ್ಯಾಯರ ಸಂಬಳವನ್ನು ಉಳಿಸಲು ವಿದ್ಯಾರ್ಥಿಗಳಿಂದ ಪಾಠ ಹೇಳಿಸುವುದನ್ನು ನಾವು ಎಂದಿಗೂ ಒಪ್ಪುವವರಲ್ಲ. ಉಪಾಧ್ಯಾಯರ ಪಾಠವಾದ ಮೇಲೆ, ಆ ಪಾಠವನ್ನು ಮನಸ್ಸಿಗಿಳಿಸಿಕೊಳ್ಳಲು ಜೊತೆಯವಳ ಸಹಾಯ ಸಿಕ್ಕಬೇಕು ಎಂಬಷ್ಟೇ ನಮ್ಮ ಮಾತು.

ಇನ್ನು, ನಮ್ಮ ಹೆಣ್ಣುಮಕ್ಕಳಿಗೆ ಈ ಸಹಾಯವು ಏಕೆ ಬೇಕೆಂಬುದನ್ನು ನೋಡೋಣ. ಕನ್ನಡದಲ್ಲಿ ಗಣಿತ ವಿಜ್ಞಾನಗಳನ್ನು ಚೆನ್ನಾಗಿ ಕಲಿತು, ಒಳ್ಳೆಯ ಅಂಕಗಳನ್ನು ಪಡೆದು ಹೋದ ಹುಡುಗಿಯು ಕಾಲೇಜಿನಲ್ಲಿ ಎಲ್ಲವನ್ನೂ ಇಂಗ್ಲಿಷಿನಲ್ಲಿ ಕೇಳಬೇಕಾಗುತ್ತದೆ. ವೇಗೋತ್ಕರ್ಷವೆಂದರೆ ಏನೆಂದು ಅವಳಿಗೆ ಗೊತ್ತು. ಅದೇ ವಸ್ತುವು ಬೇರೊಂದು ಹೆಸರಿನಿಂದ ಬಂದಾಗ ಮಾತ್ರ ಗುರುತು ಸಿಕ್ಕುವುದಿಲ್ಲ. ತುಂಬಿದ ತರಗತಿಯಲ್ಲಿ ಎದ್ದು ನಿಂತು ಪ್ರಶ್ನೆ ಕೇಳಲು ನಾಚಿಕೆ, ತಪ್ಪು ಇಂಗ್ಲಿಷಿಗೆ ನಕ್ಕಾರೆಂಬ ಭಯ. ಹೀಗೆ ಸುಮ್ಮನಿದ್ದು ಸುಮ್ಮನಿದ್ದು, ತನಗೆ ಬುದ್ಧಿಯೇ ಇಲ್ಲವೆಂದು ನಂಬಿ, ಮೊದಲನೆಯ ವರ್ಷವೇ ವಿಜ್ಞಾನವನ್ನು ಬಿಟ್ಟು ಬರುವ ಮಕ್ಕಳನ್ನು ನಾವು ಕಂಡಿದ್ದೇವೆ. ಬಿಟ್ಟು ಬಂದವಳಿಗೆ ಮನೆಯಲ್ಲಿ ಮುಂದೆ ಓದಿಸುವ ಮಾತು ಎಷ್ಟೋ ಸಾರಿ ಅಲ್ಲಿಗೇ ಮುಗಿಯುತ್ತದೆ. ಇದು ಚಿಕ್ಕ ನಷ್ಟವಲ್ಲ.

ಇಂಥ ನಷ್ಟಕ್ಕೆ ಕಾರಣವನ್ನು ಹುಡುಕಿದವರೊಬ್ಬರ ವೃತ್ತಾಂತವು ಇಲ್ಲಿ ಉಪಯುಕ್ತವಾಗಿದೆ. ಅಮೆರಿಕದ ಬರ್ಕ್ಲಿಯಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದಲ್ಲಿ, ೧೯೭೦ರ ದಶಕದಲ್ಲಿ, ಶಾಲೆಗಳಲ್ಲಿ ಚೆನ್ನಾಗಿ ಓದಿಬಂದ ಕಪ್ಪು ಜನಾಂಗದ ವಿದ್ಯಾರ್ಥಿಗಳು ಕ್ಯಾಲ್ಕ್ಯುಲಸ್ ಎಂಬ ಕಲನಶಾಸ್ತ್ರದಲ್ಲಿ ಹಿಂದೆ ಬೀಳುತ್ತಿದ್ದರು. ಇವರಿಗೆ ಶ್ರದ್ಧೆ ಸಾಲದು, ಮನೆಯಲ್ಲಿ ಪ್ರೋತ್ಸಾಹ ಸಾಲದು ಎಂದು ಅನೇಕರು ಊಹಿಸಿದರು. ಯೂರಿ ಟ್ರೀಸ್ಮನ್ ಎಂಬವರು ಊಹೆಯನ್ನು ನೆಚ್ಚದೆ, ೨೦ ಮಂದಿ ಕಪ್ಪು ಜನಾಂಗದವರನ್ನೂ ೨೦ ಮಂದಿ ಚೀನೀ ಮೂಲದವರನ್ನೂ ಅವರು ಓದುವ ಸ್ಥಳಗಳಿಗೇ ಹೋಗಿ ಗಮನಿಸಿದರು. ಶ್ರದ್ಧೆಗೆ ಕೊರತೆಯಿರಲಿಲ್ಲ, ಮನೆಯವರ ಪ್ರೋತ್ಸಾಹಕ್ಕೂ ಕೊರತೆಯಿರಲಿಲ್ಲ. ಆದರೆ ಹಿಂದೆ ಬಿದ್ದವರು ಬಹುಮಟ್ಟಿಗೆ ಒಂಟಿಯಾಗಿ ಓದುತ್ತಿದ್ದರು. ಚೀನೀ ವಿದ್ಯಾರ್ಥಿಗಳಾದರೋ ಮೊದಲು ತಾವು ತಾವೇ ಲೆಕ್ಕಗಳನ್ನು ಮಾಡಿ, ಅನಂತರ ಒಟ್ಟಿಗೆ ಕುಳಿತು ಉತ್ತರಗಳನ್ನು ಹೋಲಿಸಿ, ಒಬ್ಬರ ತಪ್ಪನ್ನು ಒಬ್ಬರು ತಿದ್ದುತ್ತಿದ್ದರು. ಟ್ರೀಸ್ಮನ್ನರು ವಿದ್ಯಾರ್ಥಿಗಳನ್ನು ಚಿಕ್ಕ ಗುಂಪುಗಳಲ್ಲಿ ಕೂಡಿಸಿ, ಸುಲಭವಾದುವನ್ನಲ್ಲ, ಕಠಿಣವಾದ ಲೆಕ್ಕಗಳನ್ನೇ ಕೊಟ್ಟು ನಡೆಸಿದ ಕಮ್ಮಟಗಳಿಂದ ಫಲಿತಾಂಶವು ಬಹಳ ಉತ್ತಮವಾಯಿತು. ಅವರ ಪ್ರಬಂಧವು ೧೯೮೫ರಲ್ಲಿ ಸಿದ್ಧವಾಯಿತು. ಇಕ್ಕೇರಿಯ ಹಾದಿಯ ಆ ನಾಲ್ವರು ಬಾಲಕರಿಗೂ ಬರ್ಕ್ಲಿಯ ಈ ವಿದ್ಯಾರ್ಥಿಗಳಿಗೂ ಗೊತ್ತಿದ್ದ ಗುಟ್ಟು ಒಂದೇ ಅಲ್ಲವೇ?

ನಮ್ಮ ಹುಡುಗಿಯು ಶ್ರದ್ಧೆಯುಳ್ಳವಳು, ವಿನಯವುಳ್ಳವಳು. ಆದುದರಿಂದಲೇ ಒಂಟಿಯಾಗಿ ಓದುವವಳು. ಪಕ್ಕದವಳ ಸ್ಲೇಟನ್ನು ನೋಡಬಾರದೆಂಬುದು ಪರೀಕ್ಷೆಯ ದಿನಕ್ಕೆ ತಕ್ಕ ನಿಯಮ. ವರ್ಷದ ಉಳಿದ ದಿನಗಳಿಗೂ ಅದನ್ನೇ ಹಿಡಿದುಕೊಂಡರೆ ಅವಳು ಹಿಂದೆ ಬೀಳುವಳು. ಅಂಥವಳಿಗೆ ಪ್ರಾಧ್ಯಾಪಕರಿಗಿಂತಲೂ ಹತ್ತಿರದವಳಾಗಿ ಸಿಕ್ಕುವವಳು, ಹೋದ ವರ್ಷ ಅದೇ ಪಾಠದಲ್ಲಿ ಕಣ್ಣೀರಿಟ್ಟು ದಾಟಿಬಂದ ಇನ್ನೊಬ್ಬ ಹುಡುಗಿಯೇ. ಪ್ರಾಧ್ಯಾಪಕರು ಆ ತೊರೆಯನ್ನು ದಾಟಿ ಮೂವತ್ತು ವರ್ಷಗಳಾಗಿರಬಹುದು. ಕಾಲು ಜಾರುವ ಕಲ್ಲು ಯಾವುದೆಂಬುದು ನಿನ್ನೆ ದಾಟಿದವಳಿಗೆ ಚೆನ್ನಾಗಿ ನೆನಪಿರುತ್ತದೆ. ಇಂಗ್ಲಿಷಿನ ಮಾತಿಗೆ ಕನ್ನಡದ ಯಾವ ಮಾತು ಸರಿಯೆಂಬುದನ್ನೂ ಅವಳೇ ಹೇಳಬಲ್ಲಳು.

ಒಂದು ಉದಾಹರಣೆಯನ್ನು ಕೊಡುತ್ತೇವೆ. ಎರಡು ಬೀಜಗಣಿತದ ಉಕ್ತಿಗಳ ಗುಣಲಬ್ಧವನ್ನು ಅವಕಲಿಸುವಾಗ, ಒಂದೊಂದನ್ನು ಬೇರೆಬೇರೆಯಾಗಿ ಅವಕಲಿಸಿ ಗುಣಿಸಿಬಿಟ್ಟರೆ ಸಾಕೆಂದು ಹೊಸಬರು ಎಣಿಸುವುದು ಸಾಮಾನ್ಯ. ತಪ್ಪು ಎಂದು ಹೇಳಿ ಸರಿಯಾದ ಸೂತ್ರವನ್ನು ಬರೆದುಕೊಡುವುದು ಸುಲಭ. ಒಳ್ಳೆಯ ಟ್ಯೂಟರ್ ಹಾಗೆ ಮಾಡುವುದಿಲ್ಲ. “ನಿನ್ನ ನಿಯಮವನ್ನು ಎಕ್ಸ್ ಇಂಟು ಎಕ್ಸ್ ಮೇಲೆ ಪ್ರಯೋಗಿಸಿ ನೋಡೋಣ, ತಂಗೀ” ಎನ್ನುತ್ತಾಳೆ. ಆ ನಿಯಮದಂತೆ ೧ನ್ನು ೧ರಿಂದ ಗುಣಿಸಿ ೧ ಎಂದು ಬರುತ್ತದೆ. ಎಕ್ಸ್ ವರ್ಗವನ್ನು ಅವಕಲಿಸಿದರೆ ೨ ಎಕ್ಸ್ ಬರತಕ್ಕದ್ದೆಂದು ಇಬ್ಬರಿಗೂ ಗೊತ್ತಿದೆ. ಆಗ ಹುಡುಗಿಯು ತಾನೇ ಬೆರಗಾಗಿ, ಹಾಗಾದರೆ ಸರಿಯಾದುದು ಯಾವುದೆಂದು ಹುಡುಕತೊಡಗುತ್ತಾಳೆ. ಭೌತಶಾಸ್ತ್ರದಲ್ಲಿಯೂ ಹೀಗೆಯೇ. ಮೇಲಕ್ಕೆ ಎಸೆದ ಚೆಂಡು ತುತ್ತತುದಿಯಲ್ಲಿ ಕ್ಷಣಮಾತ್ರ ನಿಂತಾಗ ವೇಗವೂ ಸೊನ್ನೆ, ವೇಗೋತ್ಕರ್ಷವೂ ಸೊನ್ನೆ ಎಂದು ಹೇಳುವವಳಿಗೆ, “ಎರಡೂ ಸೊನ್ನೆಯಾದರೆ ಚೆಂಡು ಕೆಳಕ್ಕೆ ಏಕೆ ಬರಬೇಕು? ಅಲ್ಲಿಯೇ ನಿಲ್ಲಬಾರದೇ?” ಎಂಬ ಒಂದು ಪ್ರಶ್ನೆಯು ಹತ್ತು ಪುಟದ ವಿವರಣೆಗಿಂತ ಮೇಲು.

ಇದರಿಂದ ಕಲಿಯುವವಳಿಗೆ ಲಾಭವೆಂಬುದನ್ನು ಪೋಷಕರು ಒಪ್ಪಿಯಾರು. ಕಲಿಸುವ ನಮ್ಮ ಮಗಳಿಗೆ ಏನು ಬಂತು ಎಂದು ಕೇಳಿಯಾರು. ಆ ಪ್ರಶ್ನೆಯು ನ್ಯಾಯವಾದುದೇ. ೧೯೮೦ರಲ್ಲಿ ಬಾರ್ಗ್ ಮತ್ತು ಶೂಲ್ ಎಂಬ ಮನಶ್ಶಾಸ್ತ್ರಜ್ಞರು ಪ್ರಕಟಿಸಿದ ಪ್ರಯೋಗಗಳಲ್ಲಿ, ಇನ್ನೊಬ್ಬರಿಗೆ ಕಲಿಸಬೇಕೆಂದು ಓದಿದವರು ಬರಿಯ ಪರೀಕ್ಷೆಗೆಂದು ಓದಿದವರಿಗಿಂತ ವಿಷಯವನ್ನು ಹೆಚ್ಚಾಗಿ ಗ್ರಹಿಸಿದ್ದರು. ೨೦೦೭ರಲ್ಲಿ ರಾಸ್ಕೋ ಮತ್ತು ಚಿ ಎಂಬವರು ಇಂಥ ಅನೇಕ ಶೋಧನೆಗಳನ್ನು ಪರಿಶೀಲಿಸಿ ಒಂದು ಎಚ್ಚರಿಕೆಯನ್ನೂ ಕೊಟ್ಟರು. ತನಗೆ ತಿಳಿದುದನ್ನು ಗಿಣಿಯಂತೆ ಒಪ್ಪಿಸುವ ಟ್ಯೂಟರಿಗೆ ಲಾಭವು ಅಲ್ಪ. ಪ್ರಶ್ನೆಗಳನ್ನು ಎದುರಿಸಿ, ತನ್ನ ತಿಳಿವಳಿಕೆಯನ್ನು ತಾನೇ ಒರೆಗೆ ಹಚ್ಚುವವಳಿಗೆ ಲಾಭವು ಅಧಿಕ. ಆದರೆ ಟ್ಯೂಟರುಗಳಲ್ಲಿ ಬಹುಮಂದಿ ಒಪ್ಪಿಸುವುದರಲ್ಲಿಯೇ ನಿಂತುಬಿಡುತ್ತಾರೆ ಎಂಬುದು ಅದರ ಸಾರ. ವಿದ್ಯೆಯು ಕೊಟ್ಟಷ್ಟೂ ಹೆಚ್ಚುವುದೆಂಬ ಗಾದೆಯು ನಿಜ. ಕೊಡುವ ರೀತಿಯನ್ನು ಅರಿತಿರಬೇಕಷ್ಟೆ.

ಆದುದರಿಂದ ಈ ಕೆಲಸವನ್ನು ಕೈಕೊಂಡಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರಿಗೆ ಕೆಲವು ಮಾತುಗಳನ್ನು ಹೇಳುವುದು ಅವಶ್ಯ. ಪೆನ್ನು ಕಲಿಯುವವಳ ಕೈಯಲ್ಲಿಯೇ ಇರಲಿ. ಅದು ನಿಮ್ಮ ಕೈಗೆ ಬಂದ ಕ್ಷಣವೇ ಕಲಿಕೆಯು ನಿಂತಿತೆಂದು ತಿಳಿಯಿರಿ. ಹೇಳುವುದಕ್ಕೆ ಮುಂಚೆ ಅವಳು ಮಾಡಿರುವುದನ್ನು ಕೇಳಿರಿ. ಪ್ರಶ್ನೆ ಕೇಳಿದ ಮೇಲೆ ಉತ್ತರಕ್ಕಾಗಿ ಕಾಯುವ ತಾಳ್ಮೆಯಿರಲಿ, ಮೌನಕ್ಕೆ ಹೆದರಬೇಡಿರಿ. ಗೊತ್ತಿಲ್ಲದುದನ್ನು ಗೊತ್ತಿಲ್ಲವೆಂದು ಹೇಳಿ, ಅವಳನ್ನು ಕರೆದುಕೊಂಡು ಪ್ರಾಧ್ಯಾಪಕರಲ್ಲಿಗೆ ಹೋಗಿರಿ. ತಪ್ಪನ್ನು ಧೈರ್ಯವಾಗಿ ಕಲಿಸುವುದಕ್ಕಿಂತ ದೊಡ್ಡ ಅಪಕಾರವಿಲ್ಲ. ಅಂಕಗಳಿಗಾಗಿ ಒಪ್ಪಿಸಬೇಕಾದ ಲೆಕ್ಕಗಳನ್ನು ಅವಳ ಬದಲಾಗಿ ಎಂದಿಗೂ ಮಾಡಿಕೊಡಬೇಡಿರಿ. ಅದು ಉಪಕಾರವೆಂಬ ಹೆಸರಿನ ಮೋಸ. ನಿಮ್ಮಲ್ಲಿಗೆ ಕಲಿಯಲು ಬಂದವಳ ಹೆಸರನ್ನು ಹಾಸ್ಯಕ್ಕೆ ಗುರಿಮಾಡಬೇಡಿರಿ. ಅಮೆರಿಕದ ಕ್ಯಾನ್ಸಸ್ ನಗರದ ಮಿಸ್ಸೂರಿ ವಿಶ್ವವಿದ್ಯಾನಿಲಯದಲ್ಲಿ ೧೯೭೩ರಲ್ಲಿ ಡೀನಾ ಮಾರ್ಟಿನ್ ಎಂಬವರು ಆರಂಭಿಸಿದ ಕ್ರಮವು ಈ ವಿಷಯದಲ್ಲಿ ಅನುಕರಣೀಯವಾಗಿದೆ. ಅದರಲ್ಲಿ ದಡ್ಡರು ಇವರೆಂದು ಯಾರನ್ನೂ ಆರಿಸುವುದಿಲ್ಲ. ಕಷ್ಟವಾದ ಪಾಠಕ್ರಮ ಯಾವುದೆಂದು ಗೊತ್ತುಮಾಡಿ, ಅದನ್ನು ಓದುವ ಎಲ್ಲರಿಗೂ ಬಾಗಿಲನ್ನು ತೆರೆದಿಡುತ್ತಾರೆ. ಆದುದರಿಂದ ಬರುವವರಿಗೆ ಅವಮಾನವಿಲ್ಲ.

ಪೋಷಕರ ಮನಸ್ಸಿನಲ್ಲಿ ಇನ್ನೊಂದು ಶಂಕೆಯಿರುವುದನ್ನೂ ನಾವು ಬಲ್ಲೆವು. ಇಂದು ಹೇಳಿಸಿಕೊಂಡವಳು ನಾಳೆ ರ್‍ಯಾಂಕಿನಲ್ಲಿ ನಮ್ಮವಳನ್ನೇ ಹಿಂದೆ ಹಾಕಿದರೆ ಎಂಬುದೇ ಆ ಶಂಕೆ. ಹಾಕಿದರೂ ಹಾಕಬಹುದು. ಸೀಟುಗಳು ಕೆಲವೇ ಇದ್ದು ಆಸೆಪಡುವವರು ಬಹಳ ಮಂದಿಯಿರುವ ಕಾಲದಲ್ಲಿ ಇದನ್ನು ಹಗುರವಾಗಿ ತಳ್ಳಿಬಿಡಲಾಗದು. ಆದರೆ ಹೇಳಿಕೊಡುವವಳು ಬಹುಮಟ್ಟಿಗೆ ಆ ಪರೀಕ್ಷೆಯನ್ನು ದಾಟಿಯೇ ಬಂದವಳು. ಒಂದೇ ತರಗತಿಯವರಾದರೂ, ಹೇಳಿಕೊಟ್ಟವಳ ತಿಳಿವಳಿಕೆಯು ಗಟ್ಟಿಯಾಗುವುದೇ ಹೊರತು ಸವೆಯುವುದಿಲ್ಲ. ಜೊತೆಯವಳ ಅಜ್ಞಾನದ ಮೇಲೆ ನಿಂತ ಮೊದಲನೆಯ ಸ್ಥಾನವು ಎಷ್ಟು ದಿನ ನಿಂತೀತು? ಮಿತಿಯಂತೂ ಬೇಕು. ಅಮೆರಿಕದಲ್ಲಿ ಓದುವ ವಿದೇಶೀ ವಿದ್ಯಾರ್ಥಿಗಳು ಪಾಠಗಳು ನಡೆಯುವ ಕಾಲದಲ್ಲಿ ವಿಶ್ವವಿದ್ಯಾನಿಲಯದೊಳಗೆ ವಾರಕ್ಕೆ ೨೦ ಗಂಟೆಗಳಿಗಿಂತ ಹೆಚ್ಚು ದುಡಿಯಬಾರದೆಂಬ ನಿಯಮವಿದೆ. ನಮ್ಮಲ್ಲಿ ಅಂಥ ನಿಯಮವಿಲ್ಲದಿದ್ದರೂ, ದಿನಕ್ಕೆ ಒಂದು ಗಂಟೆಯನ್ನು ಗೊತ್ತುಮಾಡಿಕೊಂಡು, ತನ್ನ ಪರೀಕ್ಷೆಯ ವಾರಗಳಲ್ಲಿ ಅದನ್ನೂ ನಿಲ್ಲಿಸುವುದು ವಿವೇಕ.

ತಲಾಂತುಗಳ ಸಾಮ್ಯವನ್ನು ನಮ್ಮ ಶಾಲೆಯ ಪ್ರಾರ್ಥನಾ ಮಂದಿರದಲ್ಲಿ ಕೇಳದವರಿಲ್ಲ. ತನಗೆ ಕೊಟ್ಟದ್ದನ್ನು ನೆಲದಲ್ಲಿ ಹೂತಿಟ್ಟ ಆಳು ಅದನ್ನು ಕಳೆದುಹಾಕಿರಲಿಲ್ಲ, ಕದ್ದಿರಲಿಲ್ಲ. ಭಯಪಟ್ಟು ಬಚ್ಚಿಟ್ಟದ್ದೇ ಅವನ ಅಪರಾಧ. ಆದಕಾರಣ ಪೋಷಕರಲ್ಲಿ ನಮ್ಮ ಬಿನ್ನಹವೇನೆಂದರೆ, ಸಾಯಂಕಾಲ ಇನ್ನೊಬ್ಬಳ ಪಕ್ಕದಲ್ಲಿ ಕುಳಿತು ಲೆಕ್ಕ ಹೇಳಿಕೊಡುವ ಮಗಳಿಗೆ ಅಡ್ಡಿ ಮಾಡಬೇಡಿರಿ; ಇಂದು ಏನು ಕಲಿಸಿದೆ ಎಂದು ವಾರಕ್ಕೊಮ್ಮೆ ವಿಚಾರಿಸಿರಿ. ಕಾಲೇಜು ಸೇರಿರುವ ಹಳೆಯ ವಿದ್ಯಾರ್ಥಿನಿಯರಲ್ಲಿ ನಮ್ಮ ಕೋರಿಕೆಯೇನೆಂದರೆ, ನಿಮ್ಮ ಕಾಲೇಜಿಗೆ ಈ ವರ್ಷ ನಮ್ಮ ಶಾಲೆಯಿಂದಲೋ ಇನ್ನಾವುದಾದರೂ ಕನ್ನಡ ಶಾಲೆಯಿಂದಲೋ ಬಂದಿರುವ ಒಬ್ಬ ಹುಡುಗಿಯನ್ನು ಹುಡುಕಿರಿ. ಅವಳು ಕಡೆಯ ಬೆಂಚಿನಲ್ಲಿ ಸುಮ್ಮನೆ ಕುಳಿತಿರುವಳು. ತಾನಾಗಿ ಬಂದು ಕೇಳಲಾರಳು. ನೀವೇ ಹೋಗಿ ಮಾತಾಡಿಸಿರಿ. ಅವಳು ವಿಜ್ಞಾನದಲ್ಲಿ ಉಳಿದರೆ, ಮುಂದಿನ ವರ್ಷ ಅವಳು ಹುಡುಕಿಕೊಂಡು ಹೋಗುವ ಇನ್ನೊಬ್ಬಳೂ ಉಳಿಯುವಳು. ನಿಮ್ಮ ಈ ಪ್ರಯತ್ನವನ್ನು ದೇವರು ಆಶೀರ್ವದಿಸಲೆಂದು ಪ್ರಾರ್ಥಿಸುತ್ತೇವೆ.